ಆಟಗಾರರನ್ನಲ್ಲ, ಯೋಜನೆಯನ್ನು ತಿದ್ದಿ

ಬೋಧನಾಭ್ಯಾಸದಲ್ಲಿ ಪ್ರಶಿಕ್ಷಣಾರ್ಥಿಯ ಪಾಠ ನೋಡಿದ ಮೇಲ್ವಿಚಾರಕರು ಎರಡು ಬಗೆಯ ಸಲಹೆ ಕೊಡಬಹುದು. ಒಂದು, ಪಾಠದಲ್ಲಿ ಆದ ತಪ್ಪನ್ನು ತಿದ್ದುವ ಸಲಹೆ. ಇನ್ನೊಂದು, ಪಾಠ ಮಾಡುವ ರೀತಿಯನ್ನೇ ಬದಲಿಸಲು ಹೇಳುವ ಸಲಹೆ. ವೀಕ್ಷಣಾ ನಮೂನೆಯಲ್ಲಿ ಇವೆರಡೂ 'ಸಲಹೆಗಳು' ಎಂಬ ಒಂದೇ ಅಂಕಣದಲ್ಲಿ ಬೆರೆತುಹೋಗುತ್ತವೆ. ಇವನ್ನು ಬೇರ್ಪಡಿಸದೆ ಹೋದರೆ ತಮ್ಮದೇ ಬಲದಿಂದ ಒಳ್ಳೆಯ ಶಿಕ್ಷಕರಾಗಬಹುದಾಗಿದ್ದವರು ಇನ್ನೊಬ್ಬರ ನೆರಳಾಗಿ ಕಾಲೇಜಿನಿಂದ ಹೊರಬೀಳುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ವಿವರಿಸಲು ನಮ್ಮ ತರಗತಿಗಳಿಂದ ಬಲು ದೂರದ ಒಂದು ಉದಾಹರಣೆ ಆರಿಸಿಕೊಂಡಿದ್ದೇನೆ. ಅದು ಅಮೆರಿಕನ್ ಫುಟ್‌ಬಾಲ್ ಆಟಗಾರ ಲಮಾರ್ ಜಾಕ್ಸನ್ ಮತ್ತು ಅವರ ತರಬೇತುದಾರರ ಕಥೆ. ನನ್ನ ಅಕ್ಕನ ಕುಟುಂಬ ಅಮೆರಿಕದಲ್ಲಿದೆ. ಈ ಆಟದ ಹುಚ್ಚು ನನಗೆ ಹತ್ತಿದ್ದು ಅವರಿಂದ. ಆದರೆ ಉದಾಹರಣೆಯನ್ನು ಆರಿಸಲು ಕಾರಣ ಬೇರೆ ಇದೆ. ತರಬೇತುದಾರರು ಏನು ಬದಲಿಸಿದರು, ಏನನ್ನು ಹಾಗೇ ಬಿಟ್ಟರು, ಫಲ ಏನಾಯಿತು ಎಂಬುದೆಲ್ಲ ಅಲ್ಲಿ ಅಂಕಿಗಳಲ್ಲಿ ದಾಖಲಾಗಿರುತ್ತದೆ. ನಮ್ಮ ಪಾಠಗಳಿಗೆ ಅಂಥ ಸ್ಪಷ್ಟ ದಾಖಲೆ ಸಿಗುವುದು ಕಷ್ಟ.

ಆಟದ ಲೆಕ್ಕ

ಇದು ಕಾಲಿನಿಂದ ಚೆಂಡು ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಅಂಗಳದಲ್ಲಿ ಪ್ರತಿ ತಂಡದ 11 ಮಂದಿ ಇರುತ್ತಾರೆ. ಚೆಂಡು ಹೊಂದಿದ ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಅಷ್ಟರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ಸಾಮಾನ್ಯವಾಗಿ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವರು ಅದನ್ನು ದೂರದ ಜೊತೆಗಾರರಿಗೆ ಎಸೆಯಬಹುದು, ಪಕ್ಕದ ಓಟಗಾರರ ಕೈಗೆ ಕೊಡಬಹುದು, ಇಲ್ಲವೇ ತಾವೇ ಹಿಡಿದು ಓಡಬಹುದು. ಜೊತೆಗಾರರು ಸುತ್ತ ನಿಂತು ಕಟ್ಟಿದ ರಕ್ಷಣೆಯ ಒಳಗೆ ನೆಟ್ಟಗೆ ನಿಂತು ಚೆಂಡು ಎಸೆಯುವವರೇ ಆದರ್ಶ ಕ್ವಾರ್ಟರ್‌ಬ್ಯಾಕ್ ಎಂಬ ನಂಬಿಕೆ ಬಹುಕಾಲ ಇತ್ತು. ಆ ರಕ್ಷಿತ ಜಾಗಕ್ಕೆ 'ಪಾಕೆಟ್' ಎಂದು ಹೆಸರು. ಎಸೆತ, ಓಟ ಎರಡರಿಂದಲೂ ಎದುರಾಳಿಯನ್ನು ಹೆದರಿಸಬಲ್ಲವರನ್ನು 'ಡ್ಯುಯಲ್ ಥ್ರೆಟ್' ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ.

ಇಂಥವರಿಂದ ತಂಡಕ್ಕೆ ಆಗುವ ಲಾಭ ಸರಳ ಲೆಕ್ಕ. ಸಾಮಾನ್ಯ ಓಟದ ಯತ್ನದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರರಿಗೆ ಕೊಟ್ಟು ಸುಮ್ಮನಾಗುತ್ತಾರೆ. ಆಗ 11 ಎದುರಾಳಿಗಳ ಎದುರು ನಿಜವಾಗಿ ಕೆಲಸ ಮಾಡುವವರು 10 ಮಂದಿ ಮಾತ್ರ. ಕ್ವಾರ್ಟರ್‌ಬ್ಯಾಕ್ ತಾವೂ ಓಡಬಲ್ಲವರಾದರೆ ಆ ಹನ್ನೊಂದನೆಯವರು ಲೆಕ್ಕಕ್ಕೆ ಮರಳಿ ಬರುತ್ತಾರೆ. ಇದನ್ನು ಆಧರಿಸಿದ ತಂತ್ರಕ್ಕೆ 'ರೀಡ್ ಆಪ್ಷನ್' ಎನ್ನುತ್ತಾರೆ. ಅದರಲ್ಲಿ ಅಂಚಿನಲ್ಲಿರುವ ಒಬ್ಬ ಎದುರಾಳಿಯನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಅವನು ಓಟಗಾರನ ಕಡೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾವೇ ಇಟ್ಟುಕೊಂಡು ಹೊರಗಡೆಯಿಂದ ಓಡುತ್ತಾರೆ. ಅವನು ಕಾದು ನಿಂತರೆ ಚೆಂಡನ್ನು ಓಟಗಾರನಿಗೆ ಬಿಡುತ್ತಾರೆ. ಯಾವುದನ್ನು ಮಾಡಿದರೂ ಎದುರಾಳಿಗೆ ಅದು ತಪ್ಪಾಗಿಯೇ ಪರಿಣಮಿಸುತ್ತದೆ.

ಓಡಲು ಒಪ್ಪದ ವೇಗಿ

ಜಾಕ್ಸನ್ ಲೂಯಿವಿಲ್ ವಿಶ್ವವಿದ್ಯಾಲಯದ ತಂಡದಲ್ಲಿದ್ದಾಗ, 2016ರಲ್ಲಿ, ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಪಡೆದರು. ಅಷ್ಟಾದರೂ 2018ರಲ್ಲಿ ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಹೊತ್ತಿಗೆ ಅವರ ಬಗ್ಗೆ ನಡೆದ ಚರ್ಚೆ ವಿಚಿತ್ರವಾಗಿತ್ತು. ಇವರು ಕ್ವಾರ್ಟರ್‌ಬ್ಯಾಕ್ ಜಾಗ ಬಿಟ್ಟು, ದೂರ ಓಡಿ ಚೆಂಡು ಹಿಡಿಯುವ 'ವೈಡ್ ರಿಸೀವರ್' ಆಗಲಿ ಎಂದು ಕೆಲವರು ಬಹಿರಂಗವಾಗಿಯೇ ಹೇಳಿದರು. ಹಾಗೆ ಹೇಳಿದವರಲ್ಲಿ ಹಲವು ತಂಡಗಳನ್ನು ಕಟ್ಟಿದ ಅನುಭವಿ ಬಿಲ್ ಪೋಲಿಯನ್ ಕೂಡ ಇದ್ದರು. ಆಯ್ಕೆಗೆ ಮುಂಚಿನ ಪರೀಕ್ಷಾ ಶಿಬಿರದಲ್ಲಿ 40 ಗಜ ಓಟದ ಪರೀಕ್ಷೆ ಇರುತ್ತದೆ. ಜಾಕ್ಸನ್ ಅದರಲ್ಲಿ ಓಡಲಿಲ್ಲ. ಆ ವರ್ಷದ ಅತಿ ವೇಗದ ಆಟಗಾರರಲ್ಲಿ ಒಬ್ಬರು ಓಡಲು ಒಪ್ಪಲಿಲ್ಲ ಎಂಬುದನ್ನು ಶಿಕ್ಷಕರಾಗುವ ನಾವು ಗಮನಿಸಬೇಕು. ತಮ್ಮ ಬಲವನ್ನು ತೋರಿಸಿದರೆ ತಮ್ಮ ಜಾಗವೇ ಹೋಗಬಹುದಾದ ಪರಿಸ್ಥಿತಿಯಲ್ಲಿ ಅವರಿದ್ದರು.

ಇಂಥ ಸಲಹೆಗೆ ಒಂದು ಹಿನ್ನೆಲೆಯೂ ಇದೆ. ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬೇರೆ ಸ್ಥಾನದಲ್ಲಿ ಆಡಿ ಎಂದು ಹೇಳುವುದು ಆ ದೇಶದಲ್ಲಿ ದಶಕಗಳ ಕಾಲ ನಡೆದ ಪದ್ಧತಿ. ವಾರನ್ ಮೂನ್ 1978ರಲ್ಲಿ ಸ್ಥಾನ ಬದಲಿಸಲು ಒಪ್ಪದೆ ಕೆನಡಾಕ್ಕೆ ಹೋದರು. ಅಲ್ಲಿ ಎಡ್ಮಂಟನ್ ತಂಡದೊಂದಿಗೆ 1978ರಿಂದ 1982ರವರೆಗೆ ಸತತ ಐದು ಬಾರಿ ಗ್ರೇ ಕಪ್ ಗೆದ್ದರು. 1984ರಲ್ಲಿ ಎನ್‌ಎಫ್‌ಎಲ್‌ಗೆ ಬಂದರು. 2006ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಎನಿಸಿದರು. 'ಈ ಶೈಲಿ ಈ ಸ್ಥಾನಕ್ಕೆ ಒಗ್ಗದು' ಎಂಬ ಮಾತು ಕೇಳಲು ತಾಂತ್ರಿಕವಾಗಿರುತ್ತದೆ. ಆ ಸ್ಥಾನದಲ್ಲಿ ಎಂಥವರನ್ನು ನೋಡಿ ಹೇಳುವವರ ಕಣ್ಣು ಪಳಗಿದೆ ಎಂಬುದೂ ಅದರೊಳಗೆ ಸೇರಿರುತ್ತದೆ.

ಬದಲಾದದ್ದು ಯಾವುದು?

ಬಾಲ್ಟಿಮೋರ್ ರೇವನ್ಸ್ ತಂಡ ಜಾಕ್ಸನ್ ಅವರನ್ನು ಮೊದಲ ಸುತ್ತಿನ ಕೊನೆಯ, ಅಂದರೆ 32ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಆಗಿನ ಮುಖ್ಯ ತರಬೇತುದಾರ ಜಾನ್ ಹಾರ್ಬಾ. ಆಗ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೋ ಫ್ಲಾಕೊ ಪಾಕೆಟ್‌ನಲ್ಲಿ ನಿಂತು ಎಸೆಯುವವರು. 2018ರ ನವೆಂಬರ್‌ನಲ್ಲಿ ಅವರು ಗಾಯಗೊಂಡಾಗ ಜಾಕ್ಸನ್‌ಗೆ ಅವಕಾಶ ಬಂತು. ಉಳಿದಿದ್ದ ಏಳು ಪಂದ್ಯಗಳಲ್ಲಿ ತಂಡ ಆರು ಗೆದ್ದಿತು. ಆದರೂ ಅದು ತರಾತುರಿಯ ಯೋಜನೆ. ಮೊದಲ ಪಂದ್ಯದಲ್ಲೇ ಜಾಕ್ಸನ್ ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಚೆಂಡು ಹಿಡಿದು ಓಡಿದ್ದರು. ಯಾವ ದೇಹವೂ ಅದನ್ನು ಬಹುಕಾಲ ತಾಳುವುದಿಲ್ಲ. ಆ ಋತುವಿನಲ್ಲಿ ಅವರ ಎಸೆತಗಳಲ್ಲಿ ಗುರಿ ತಲುಪಿದ್ದು ಶೇ. 58.2 ಮಾತ್ರ. ಹತ್ತಕ್ಕೂ ಹೆಚ್ಚು ಬಾರಿ ಚೆಂಡು ಕೈಜಾರಿತ್ತು.

2019ರ ಆರಂಭದಲ್ಲಿ ಹಾರ್ಬಾ ಅವರ ಮುಂದೆ ಎರಡು ದಾರಿಗಳಿದ್ದವು: ಜಾಕ್ಸನ್ ಅವರನ್ನು ಪಾಕೆಟ್‌ನಲ್ಲಿ ನಿಲ್ಲಲು ಒಗ್ಗಿಸುವುದು, ಇಲ್ಲವೇ ತಂಡದ ಆಕ್ರಮಣವನ್ನೇ ಅವರ ಸುತ್ತ ಹೊಸದಾಗಿ ಕಟ್ಟುವುದು. ಅವರು ಎರಡನೆಯದನ್ನು ಆರಿಸಿದರು. ಆಕ್ರಮಣದ ಹೊಣೆಯನ್ನು ಗ್ರೆಗ್ ರೋಮನ್ ಅವರಿಗೆ ಕೊಟ್ಟರು. ಓಡಬಲ್ಲ ಕ್ವಾರ್ಟರ್‌ಬ್ಯಾಕ್‌ಗಳಾದ ಕಾಲಿನ್ ಕಾಪರ್ನಿಕ್ ಮತ್ತು ಟೈರಾಡ್ ಟೇಲರ್ ಜೊತೆ ಕೆಲಸ ಮಾಡಿದ್ದ ಅನುಭವ ರೋಮನ್ ಅವರಿಗಿತ್ತು. ಹೆಚ್ಚಿನ ತಂಡಗಳು ಮೂವರು ವೈಡ್ ರಿಸೀವರ್‌ಗಳನ್ನು ಅಂಗಳಕ್ಕಿಳಿಸುವ ಕಾಲದಲ್ಲಿ ಈ ತಂಡ 'ಟೈಟ್ ಎಂಡ್'ಗಳನ್ನು ನೆಚ್ಚಿಕೊಂಡಿತು. ಅವರು ಎದುರಾಳಿಯನ್ನು ತಡೆಯಲೂ ಬಲ್ಲರು, ಚೆಂಡು ಹಿಡಿಯಲೂ ಬಲ್ಲರು. ಹಾಗಾಗಿ ಮುಂದೆ ಬರುವುದು ಓಟವೋ ಎಸೆತವೋ ಎಂದು ಎದುರಾಳಿಗೆ ಮೊದಲೇ ತಿಳಿಯುತ್ತಿರಲಿಲ್ಲ.

ಫಲ ಹೀಗಿತ್ತು. 2019ರಲ್ಲಿ ತಂಡ 16 ಪಂದ್ಯಗಳಲ್ಲಿ 14 ಗೆದ್ದಿತು. ತಂಡ ಓಟದಿಂದ ಗಳಿಸಿದ 3,296 ಗಜ ಎನ್‌ಎಫ್‌ಎಲ್ ದಾಖಲೆ. ಜಾಕ್ಸನ್ ಒಬ್ಬರೇ 1,206 ಗಜ ಓಡಿ, 2006ರಲ್ಲಿ ಮೈಕಲ್ ವಿಕ್ ಸ್ಥಾಪಿಸಿದ್ದ 1,039 ಗಜಗಳ ಕ್ವಾರ್ಟರ್‌ಬ್ಯಾಕ್ ದಾಖಲೆಯನ್ನು ಮುರಿದರು. ಇವೆಲ್ಲ ನಿರೀಕ್ಷಿತವೇ. ಓಡುವವರನ್ನು ಓಡಲು ಬಿಟ್ಟರೆ ಓಟದ ಅಂಕಿ ಏರುತ್ತದೆ. ಆದರೆ ಎಸೆತದ ಅಂಕಿಯೂ ಏರಿತು. ಗುರಿ ತಲುಪಿದ ಎಸೆತಗಳು ಶೇ. 66.1 ಆದವು. 36 ಟಚ್‌ಡೌನ್ ಎಸೆತಗಳೊಂದಿಗೆ ಅವರು ಇಡೀ ಲೀಗ್‌ನಲ್ಲಿ ಮೊದಲಿಗರಾದರು. ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಒಂದು ಮತವೂ ಬೇರೆಡೆಗೆ ಹೋಗದೆ ಅವರಿಗೇ ಬಂತು. ಪೋಲಿಯನ್ ಆ ವರ್ಷ ತಮ್ಮ ಅಂದಾಜು ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು.

ಓಟವನ್ನು ಉಳಿಸಿದ್ದಕ್ಕೆ ಎಸೆತ ಏಕೆ ಸುಧಾರಿಸಿತು? ಓಟದ ಭಯಕ್ಕೆ ಎದುರಾಳಿಗಳು ಮುಂದೆ ಬಂದು ಗುಂಪುಗೂಡಿದಾಗ ಹಿಂದೆ ಜಾಗ ತೆರೆಯುತ್ತದೆ. ಆಗ ಎಸೆತ ಸುಲಭವಾಗುತ್ತದೆ. ಅಂದರೆ ಬಲವಾದ ಕೌಶಲ ದುರ್ಬಲ ಕೌಶಲಕ್ಕೆ ಕಲಿಯುವ ಜಾಗ ಮಾಡಿಕೊಟ್ಟಿತು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಶೈಲಿ ಬೇರೆ, ದೋಷ ಬೇರೆ

ಶೈಲಿ ಬದಲಿಸಬೇಡಿ ಎಂದರೆ ಏನನ್ನೂ ತಿದ್ದಬೇಡಿ ಎಂದು ಅರ್ಥವಲ್ಲ. ಚೆಂಡು ಕೈಜಾರುವುದು ಶೈಲಿಯಲ್ಲ, ದೋಷ. ಅದನ್ನು ತಿದ್ದಲೇಬೇಕು. ಪೆಟ್ಟು ಬೀಳುವ ಮೊದಲು ನೆಲಕ್ಕೆ ಜಾರಿ ಕೂರುವುದು, ಗೆರೆಯಾಚೆ ಹೋಗಿಬಿಡುವುದು, ಇವನ್ನು ಕಲಿಸಲೇಬೇಕು. ಇವು ಓಡುವ ಕ್ವಾರ್ಟರ್‌ಬ್ಯಾಕ್ ಇನ್ನಷ್ಟು ಕಾಲ ಓಡಲು ಬೇಕಾದ ಪಾಠಗಳು.

ಇದಕ್ಕೆ ಬಫಲೋ ಬಿಲ್ಸ್ ತಂಡದ ಜಾಶ್ ಆ್ಯಲನ್ ಇನ್ನೂ ಸ್ಪಷ್ಟ ಉದಾಹರಣೆ. ಅವರೂ 2018ರಲ್ಲೇ ಆಯ್ಕೆಯಾದವರು. ಎಸೆಯಲೂ ಓಡಲೂ ಬಲ್ಲವರು. ಮೊದಲ ವರ್ಷ ಅವರ ಎಸೆತಗಳಲ್ಲಿ ಗುರಿ ತಲುಪಿದ್ದು ಶೇ. 52.8. ಅವರು ಋತುಗಳ ನಡುವಿನ ಬಿಡುವಿನಲ್ಲಿ ಎಸೆಯುವಾಗಿನ ಪಾದ ಮತ್ತು ಸೊಂಟದ ಚಲನೆಯನ್ನು ತಾಳ್ಮೆಯಿಂದ ತಿದ್ದಿಕೊಂಡರು. 2020ರಲ್ಲಿ ಆ ಅಂಕಿ ಶೇ. 69.2ಕ್ಕೆ ಏರಿತು. ಅದೇ ವರ್ಷ ಅವರು ತಾವೇ ಓಡಿ ಎಂಟು ಟಚ್‌ಡೌನ್ ಗಳಿಸಿದರು. ತಂತ್ರ ಬದಲಾಯಿತು, ಆಟಗಾರ ಬದಲಾಗಲಿಲ್ಲ.

ಹಾಗಾದರೆ ದೋಷ ಯಾವುದು, ಶೈಲಿ ಯಾವುದು ಎಂದು ಗುರುತಿಸುವುದು ಹೇಗೆ? ನನಗೆ ತೋಚುವ ಅಳತೆಗೋಲು ಇದು. ಯಾವ ಯೋಜನೆಯಲ್ಲಿ ಇಟ್ಟರೂ ನಷ್ಟ ಮಾಡುವಂಥದ್ದು ದೋಷ. ಒಂದು ಯೋಜನೆಯಲ್ಲಿ ನಷ್ಟ, ಇನ್ನೊಂದರಲ್ಲಿ ಲಾಭ ತರುವಂಥದ್ದು ಶೈಲಿ. ಕೈಜಾರಿದ ಚೆಂಡು ಎಲ್ಲಿಯೂ ನಷ್ಟವೇ. ಪಾಕೆಟ್ ಬಿಟ್ಟು ಓಡುವುದು ಫ್ಲಾಕೊ ಅವರಿಗಾಗಿ ಬರೆದ ಯೋಜನೆಯಲ್ಲಿ ಅಡ್ಡಿ. ರೋಮನ್ ಅವರ ಯೋಜನೆಯಲ್ಲಿ ಅದೇ ಆಸ್ತಿ.

ಆಕ್ಷೇಪಗಳು

ಮೊದಲ ಆಕ್ಷೇಪ ಗಾಯದ್ದು. 2012ರ ಅತ್ಯುತ್ತಮ ಹೊಸ ಆಕ್ರಮಣಕಾರ ಎನಿಸಿದ ವಾಷಿಂಗ್ಟನ್ ತಂಡದ ರಾಬರ್ಟ್ ಗ್ರಿಫಿನ್ 2013ರ ಜನವರಿಯಲ್ಲಿ ಮೊಣಕಾಲಿಗೆ ದೊಡ್ಡ ಪೆಟ್ಟು ಮಾಡಿಕೊಂಡರು, ಮತ್ತೆ ಮೊದಲಿನಂತಾಗಲಿಲ್ಲ. ಓಡುವವರಿಗೆ ಅಪಾಯ ಹೆಚ್ಚು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಮೊದಲೇ ನೋವಾಗಿದ್ದ ಕಾಲಿನಲ್ಲಿ ಆಡುತ್ತಿದ್ದರು. ಆ ದಿನ ಬೇಕಾಗಿದ್ದ ತಿದ್ದುಪಡಿ ಅವರನ್ನು ಹೊರಗೆ ಕೂರಿಸುವುದು. ಜಾಕ್ಸನ್ ಕೂಡ 2021 ಮತ್ತು 2022ರ ಋತುಗಳ ಕೊನೆಯ ಪಂದ್ಯಗಳನ್ನು ಗಾಯದಿಂದ ಕಳೆದುಕೊಂಡರು. 2022ರ ಮೊಣಕಾಲಿನ ಗಾಯ ಆದದ್ದು ಅವರು ಎಸೆಯಲು ನಿಂತಿದ್ದಾಗ ಎದುರಾಳಿ ಕೆಡವಿದ್ದರಿಂದ. ಪಾಕೆಟ್ ಕೂಡ ಸಂಪೂರ್ಣ ಸುರಕ್ಷಿತ ಜಾಗವಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಂದೇ ಬಲವನ್ನು ನೆಚ್ಚಿದರೆ ಅದು ನಡೆಯದ ದಿನ ಏನು ಮಾಡುವುದು? 2020ರ ಜನವರಿಯಲ್ಲಿ ಇದೇ ರೇವನ್ಸ್ ತಂಡ ಟೆನೆಸೀ ಟೈಟನ್ಸ್ ಎದುರು 28–12ರಿಂದ ಸೋತಿತು. ಆರಂಭದಲ್ಲೇ ಹಿಂದೆ ಬಿದ್ದ ಮೇಲೆ ಓಟದ ಯೋಜನೆಗೆ ಸಮಯವೇ ಉಳಿಯಲಿಲ್ಲ. ಈ ಮಾತು ನಿಜ. ಅದಕ್ಕೆ ಉತ್ತರ ನಂತರದ ವರ್ಷಗಳಲ್ಲಿದೆ. 2023ರಲ್ಲಿ ಆಕ್ರಮಣದ ಹೊಣೆ ಟಾಡ್ ಮಂಕನ್ ಅವರಿಗೆ ಬಂತು. ಎಸೆತಕ್ಕೆ ಹೆಚ್ಚು ಒತ್ತು ಸಿಕ್ಕಿತು. ಜಾಕ್ಸನ್ ಆ ವರ್ಷ ಎರಡನೆಯ ಬಾರಿ ಅತ್ಯಮೂಲ್ಯ ಆಟಗಾರರಾದರು. 2024ರಲ್ಲಿ 4,172 ಗಜ ಎಸೆತ, 41 ಟಚ್‌ಡೌನ್, ಎದುರಾಳಿಯ ಕೈಸೇರಿದ ಎಸೆತಗಳು ಬರೀ ನಾಲ್ಕು. ಜೊತೆಗೆ 915 ಗಜ ಓಟ. ಒಂದೇ ಋತುವಿನಲ್ಲಿ 4,000 ಗಜ ಎಸೆದು 900 ಗಜ ಓಡಿದ ಮೊದಲ ಆಟಗಾರ ಅವರು. ತರಬೇತುದಾರರು ಕೌಶಲವನ್ನು ಸೇರಿಸಿದರು, ಇದ್ದುದನ್ನು ಕತ್ತರಿಸಲಿಲ್ಲ. 2024ರ ಋತುವಿನವರೆಗೂ ಅವರು ಸೂಪರ್ ಬೌಲ್ ತಲುಪಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಶೈಲಿಯನ್ನು ಉಳಿಸುವುದು ಗೆಲುವಿನ ಖಾತರಿಯಲ್ಲ. ಅದು ಆಟಗಾರರ ಪೂರ್ಣ ಶಕ್ತಿ ಅಂಗಳಕ್ಕೆ ಬರಲು ಬೇಕಾದ ಷರತ್ತು ಮಾತ್ರ.

ನಮ್ಮ ಅಂಗಳಕ್ಕೆ

ಈಗ ನಮ್ಮ ಬೋಧನಾಭ್ಯಾಸಕ್ಕೆ ಬರೋಣ. ಸೂಕ್ಷ್ಮ ಬೋಧನೆ ಹುಟ್ಟಿದ್ದೂ ಅಮೆರಿಕದಲ್ಲೇ, 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ಡ್ವೈಟ್ ಆ್ಯಲನ್ ಮತ್ತು ಸಂಗಡಿಗರಿಂದ. ನಮ್ಮ ದೇಶಕ್ಕೆ ಎನ್‌ಸಿಇಆರ್‌ಟಿ ಒಗ್ಗಿಸಿದ ಚಕ್ರ 36 ನಿಮಿಷದ್ದು ಎಂದು ಮೊದಲ ಸೆಮಿಸ್ಟರ್‌ನಲ್ಲಿ ಎಲ್ಲರೂ ಬರೆದುಕೊಂಡಿದ್ದೇವೆ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ಅಂಕಿಗಳನ್ನು ಈಗ ಇನ್ನೊಮ್ಮೆ ನೋಡಿ. ಹೆಚ್ಚು ಸಮಯ ಸಿಕ್ಕಿರುವುದು ಮರುಯೋಜನೆಗೆ. ಚಕ್ರದ ಮೂರನೆಯ ಒಂದು ಪಾಲನ್ನು ಯೋಜನೆ ತಿದ್ದಲೆಂದೇ ಬಿಡಲಾಗಿದೆ. ಆದರೆ ನಿಜವಾದ ಶಾಲೆಯ ಪಾಠಗಳಿಗೆ ಹೋದಾಗ ಮೊದಲು ಕಳೆದುಹೋಗುವುದು ಇದೇ ಹಂತ. ಪಾಠ ಮುಗಿಯುತ್ತದೆ, ಹಿಮ್ಮಾಹಿತಿ ಬರುತ್ತದೆ, ಮರುದಿನ ಬೇರೆ ಪಾಠ. ಯೋಜನೆ ತಿದ್ದಲು ಹೊತ್ತಿಲ್ಲದಾಗ ತಿದ್ದಲು ಉಳಿಯುವುದು ಮನುಷ್ಯರು ಮಾತ್ರ.

ನನ್ನ ಸಹಪಾಠಿಯೊಬ್ಬರು ಒಂಬತ್ತನೇ ತರಗತಿಗೆ ಜಡತ್ವದ ಪಾಠ ಮಾಡಿದರು. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ. ರಟ್ಟನ್ನು ಬೆರಳಿನಿಂದ ಚಿಮ್ಮಿದರು. ನಾಣ್ಯ ಲೋಟದೊಳಗೆ ಬಿತ್ತು. ಶೀರ್ಷಿಕೆ ಹೇಳಲಿಲ್ಲ, ವ್ಯಾಖ್ಯೆ ಹೇಳಲಿಲ್ಲ. 'ಯಾಕ ಹಿಂಗಾತು?' ಎಂದು ತಮ್ಮ ವಿಜಯಪುರದ ಮಾತಿನಲ್ಲೇ ಕೇಳಿ, ಬೆಂಚುಗಳ ನಡುವೆ ಓಡಾಡಿದರು. ಮಕ್ಕಳ ಉತ್ತರಗಳಿಂದಲೇ ವ್ಯಾಖ್ಯೆ ಕಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನಕ್ಕೆ ಸಮಯ ಸಿಗಲಿಲ್ಲ. ಅವರಿಗೆ ಬಂದ ಸಲಹೆಗಳು ಮೂರು: ಪೀಠಿಕೆಯ ನಂತರ ಶೀರ್ಷಿಕೆ ಘೋಷಿಸಿ, ಒಂದೇ ಕಡೆ ನಿಂತು ಬೋಧಿಸಿ, ಭಾಷೆ ಸುಧಾರಿಸಿಕೊಳ್ಳಿ. ಸಮಯದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೇಲಿನ ಅಳತೆಗೋಲನ್ನು ಇಲ್ಲಿ ಹಿಡಿದು ನೋಡೋಣ. ಮೌಲ್ಯಮಾಪನ ತಪ್ಪಿಹೋದದ್ದು ದೋಷ. ಯಾವ ಯೋಜನೆಯಲ್ಲೂ ನಷ್ಟವೇ. ಓಡಾಡುವುದು, ಪ್ರಶ್ನೆಯಿಂದ ಹೊರಡುವುದು, ಊರ ಮಾತಿನಲ್ಲಿ ಮಕ್ಕಳನ್ನು ಮಾತಿಗೆಳೆಯುವುದು ಶೈಲಿ. ಹೀಗಾಗಿ ಸಲಹೆ ಹೀಗಿರಬಹುದಿತ್ತು: 'ಚರ್ಚೆಗೆ 15 ನಿಮಿಷದ ಮಿತಿ ಹಾಕಿಕೊಳ್ಳಿ; ಶೀರ್ಷಿಕೆಯನ್ನು ಮಕ್ಕಳಿಂದಲೇ ಹೇಳಿಸಿ ಕಪ್ಪುಹಲಗೆಯಲ್ಲಿ ಬರೆಯಿರಿ; ಪಾರಿಭಾಷಿಕ ಪದಗಳನ್ನು ಪಠ್ಯಪುಸ್ತಕದಲ್ಲಿರುವಂತೆಯೇ ಬಳಸಿ.' ಇದರಲ್ಲಿ ಅವರು ತಿದ್ದಿಕೊಳ್ಳಬೇಕಾದ್ದೆಲ್ಲ ಇದೆ, ಬಿಟ್ಟುಕೊಡಬೇಕಾದ್ದು ಯಾವುದೂ ಇಲ್ಲ. ಮುಂದಿನ ಪಾಠದಲ್ಲಿ ಅವರು ಮೇಜಿನ ಪಕ್ಕ ನಿಂತು, ಪುಸ್ತಕದ ಕನ್ನಡದಲ್ಲಿ, ಶೀರ್ಷಿಕೆಯಿಂದಲೇ ಶುರು ಮಾಡಿದರು. ತರಗತಿ ಶಾಂತವಾಗಿತ್ತು. ಮಕ್ಕಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೇಲ್ವಿಚಾರಕರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಒಂದೇ ಬೆಳಿಗ್ಗೆ ಹಲವು ತರಗತಿ ಸುತ್ತಬೇಕು. ಎಲ್ಲರಿಗೂ ಒಂದೇ ಅಳತೆಯಲ್ಲಿ ಅಂಕ ಕೊಡಬೇಕು. ಒಂದೇ ಅಚ್ಚು ಇದ್ದರೆ ಅಂಕ ಕೊಡುವುದು ಸುಲಭ, ಪಕ್ಷಪಾತದ ದೂರೂ ಬರುವುದಿಲ್ಲ. ಆದರೆ ಅಳೆಯಲು ಅನುಕೂಲ ಎಂಬುದು ಬೋಧಿಸಲು ಸರಿ ಎಂಬುದಕ್ಕೆ ಸಾಕ್ಷಿಯಾಗಲಾರದು. ಆದ್ದರಿಂದ ಒಂದು ಸಣ್ಣ ಕೋರಿಕೆ. ನಮೂನೆಯ 'ಸಲಹೆಗಳು' ಅಂಕಣವನ್ನು ಮೂರಾಗಿ ಒಡೆಯೋಣ: ತಿದ್ದಬೇಕಾದ ದೋಷ, ಉಳಿಸಿಕೊಳ್ಳಬೇಕಾದ ಬಲ, ಆ ಬಲಕ್ಕೆ ತಕ್ಕಂತೆ ಯೋಜನೆಯಲ್ಲಿ ಮಾಡಬೇಕಾದ ಬದಲಾವಣೆ. ಮೂರನೆಯ ಅಂಕಣವನ್ನು ಮೇಲ್ವಿಚಾರಕರು ಮತ್ತು ಪ್ರಶಿಕ್ಷಣಾರ್ಥಿ ಜೊತೆಯಾಗಿ ಕುಳಿತು ತುಂಬಲಿ. ಹತ್ತು ನಿಮಿಷ ಸಾಕು. ಸೂಕ್ಷ್ಮ ಬೋಧನೆಯ ಚಕ್ರ ಕೊಟ್ಟಿದ್ದ ಹನ್ನೆರಡಕ್ಕಿಂತಲೂ ಅದು ಎರಡು ನಿಮಿಷ ಕಡಿಮೆಯೇ.

ಸಹಪಾಠಿಗಳಿಗೂ ಒಂದು ಮಾತು. ಇನ್ನೆರಡು ವರ್ಷಗಳಲ್ಲಿ ಕೆಂಪು ಪೆನ್ನು ನಮ್ಮ ಕೈಗೆ ಬರುತ್ತದೆ. ಸಮೀಕರಣವನ್ನು ಪುಸ್ತಕದ ಹಂತ ಬಿಟ್ಟು ತನ್ನದೇ ದಾರಿಯಲ್ಲಿ ಬಿಡಿಸಿದ ಹುಡುಗಿಯ ನೋಟ್‌ಬುಕ್ ನಮ್ಮ ಮೇಜಿಗೆ ಬರುತ್ತದೆ. ಅವಳ ದಾರಿ ಬೇರೆ ಲೆಕ್ಕಗಳಿಗೂ ನಡೆಯುತ್ತದೆಯೇ ಎಂದು ಇನ್ನೊಂದು ಲೆಕ್ಕ ಕೊಟ್ಟು ನೋಡುವುದಕ್ಕೆ ಎರಡು ನಿಮಿಷ ಬೇಕು. ಅಡ್ಡಗೆರೆ ಎಳೆಯುವುದಕ್ಕೆ ಎರಡು ಸೆಕೆಂಡು. ಆ ಎರಡು ನಿಮಿಷ ಕೊಡುವ ಅಭ್ಯಾಸ ನಮಗಾಗಬೇಕಾದರೆ, ಈಗ, ಈ ಕಾಲೇಜಿನಲ್ಲಿ, ನಮಗೂ ಯಾರಾದರೂ ಅದನ್ನು ಕೊಟ್ಟಿರಬೇಕು.